ಕೊಲೆಗಳ ಸಂಖ್ಯೆ ಇಳಿಯಲಿಲ್ಲವೆಂದು ಅನುದಾನ ನಿಲ್ಲಿಸಬೇಕೇ?

ಗುಂಡಿನ ಹಿಂಸೆಯನ್ನು ಬಡಾವಣೆಯ ಮಟ್ಟದಲ್ಲೇ ತಡೆಯಲು ದುಡಿಯುವ ಸಂಸ್ಥೆಗಳಿಗೆ ಅನುದಾನ ಹಂಚಿ, ಆ ಹಣದ ಮೇಲ್ವಿಚಾರಣೆ ಮಾಡುವ ಕೆಲಸದಲ್ಲಿ ನಾನು ಅಮೆರಿಕದ ನಗರಾಡಳಿತವೊಂದರಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ಅಲ್ಲಿನ ನೆರೆಹೊರೆ ಸಮಿತಿಗಳಲ್ಲಿ ಮತ್ತು ಸ್ವಯಂಸೇವಾ ಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿ ಇರುವ ಕನ್ನಡಿಗರು ಬರೆಯುವ ಪತ್ರಗಳಲ್ಲಿ ಕೆಲವು ಪ್ರಶ್ನೆಗಳು ಎಷ್ಟು ಸಲ ಉತ್ತರಿಸಿದರೂ ಮತ್ತೆ ಮತ್ತೆ ಬರುತ್ತಿವೆ. ತಪ್ಪು ಪ್ರಶ್ನೆಯಿಂದ ತಪ್ಪು ತೀರ್ಮಾನವಾಗುತ್ತದೆ, ಆ ತೀರ್ಮಾನಕ್ಕೆ ಬೆಲೆ ತೆರುವವರು ಬೇರೆ ಯಾರೋ ಆಗಿರುತ್ತಾರೆ ಎಂಬ ಕಾರಣಕ್ಕೆ ಇನ್ನೊಮ್ಮೆ ಬರೆಯುತ್ತಿದ್ದೇನೆ. ಅರ್ಜಿ ಹಾಕುವ ಕ್ರಮವನ್ನು ಇಲ್ಲಿ ವಿವರಿಸುವುದಿಲ್ಲ. ಅದು ಪ್ರತಿ ನಗರದ ಪ್ರಕಟಣೆಯಲ್ಲೇ ಇರುತ್ತದೆ.

ಪ್ರಶ್ನೆ: ನಮ್ಮ ನಗರ ಒಂದು ಸಂಸ್ಥೆಗೆ ವರ್ಷವಿಡೀ ಹಣ ಕೊಟ್ಟಿದೆ. ಆದರೂ ಕೊಲೆಗಳ ಸಂಖ್ಯೆ ಇಳಿದಿಲ್ಲ. ಅನುದಾನ ನಿಲ್ಲಿಸಬೇಕೆಂದು ಸಮಿತಿಯಲ್ಲಿ ಒತ್ತಾಯವಿದೆ. ಏನು ಮಾಡಬೇಕು?

ಈ ಕಾರಣಕ್ಕಾಗಿ ನಿಲ್ಲಿಸಬೇಡಿ. ಸಂಸ್ಥೆ ಕೆಲಸ ಮಾಡುವುದು ಹತ್ತಿಪ್ಪತ್ತು ಬೀದಿಗಳಲ್ಲಿ; ನೀವು ನೋಡುತ್ತಿರುವುದು ಇಡೀ ನಗರದ ಅಂಕಿಯನ್ನು. ಆ ಬೀದಿಗಳದ್ದೇ ಲೆಕ್ಕ ತೆಗೆದರೂ ಒಂದು ವರ್ಷ ಆರು ಕೊಲೆ, ಮರುವರ್ಷ ನಾಲ್ಕು, ಅದರ ಮುಂದಿನ ವರ್ಷ ಏಳು ಎಂಬಂಥ ಏರಿಳಿತಕ್ಕೆ ವಿಶೇಷ ಕಾರಣವೇ ಬೇಕಿಲ್ಲ. ಇನ್ನೊಂದು ತೊಡಕೂ ಇದೆ. ನಗರಗಳು ಸಾಮಾನ್ಯವಾಗಿ ಒಂದು ಬಡಾವಣೆಯ ಅತಿ ಕೆಟ್ಟ ವರ್ಷದ ಬೆನ್ನಲ್ಲೇ ಅಲ್ಲಿಗೆ ಹಣ ಕೊಡುತ್ತವೆ, ಅಂಥ ವರ್ಷದ ನಂತರ ಸಂಖ್ಯೆ ಬಹುಪಾಲು ತಾನಾಗಿಯೇ ಇಳಿಯುತ್ತದೆ. ಆದ್ದರಿಂದ ಇಳಿಕೆಯನ್ನು ತೋರಿಸಿ ಹೊಗಳುವವರ ಮಾತನ್ನೂ ನಾನು ಒಪ್ಪುವುದಿಲ್ಲ. 2020ರಲ್ಲಿ ಅಮೆರಿಕದಾದ್ಯಂತ ಕೊಲೆಗಳು ಹಿಂದಿನ ವರ್ಷಕ್ಕಿಂತ ಶೇ. 30ರ ಹತ್ತಿರ ಹೆಚ್ಚಿದವು, 2023 ಮತ್ತು 2024ರಲ್ಲಿ ದೇಶವ್ಯಾಪಿಯಾಗಿ ಗಣನೀಯವಾಗಿ ಇಳಿದವು. 2019ರಲ್ಲಿ ಆರಂಭವಾದ ಒಳ್ಳೆಯ ಕಾರ್ಯಕ್ರಮ ಮೊದಲ ವರ್ಷದಲ್ಲೇ ಸೋತಂತೆ ಕಂಡಿತು, 2022ರಲ್ಲಿ ಆರಂಭವಾದ ಕಳಪೆ ಕಾರ್ಯಕ್ರಮ ಗೆದ್ದಂತೆ ಕಂಡಿತು. ವರ್ಷದ ಅಂಕಿಯೊಂದನ್ನೇ ಹಿಡಿದು ಕೂತರೆ ಎರಡರಲ್ಲೂ ತಪ್ಪು ತೀರ್ಪು ಕೊಟ್ಟಂತಾಗುತ್ತದೆ.

ಹಾಗಾದರೆ ಏನನ್ನು ನೋಡಬೇಕು? ಮೊದಲನೆಯದಾಗಿ, ಕೊಲೆಗಳ ಜೊತೆಗೆ ಗುಂಡೇಟು ತಿಂದು ಬದುಕುಳಿದವರ ಸಂಖ್ಯೆಯನ್ನು ಸೇರಿಸಿ, ಒಂದು ವರ್ಷದ್ದಲ್ಲ, ಹಲವು ವರ್ಷಗಳದ್ದನ್ನು, ಅದೇ ಬಗೆಯ ಬೇರೆ ಬಡಾವಣೆಗಳ ಪಕ್ಕದಲ್ಲಿಟ್ಟು ನೋಡಿ. ಅದಕ್ಕಿಂತ ಮುಖ್ಯವಾದದ್ದು ಕೆಲಸ ನಿಜವಾಗಿ ನಡೆದಿದೆಯೇ ಎಂಬುದು. 2000ದಲ್ಲಿ ಶಿಕಾಗೋದ ವೆಸ್ಟ್ ಗಾರ್‌ಫೀಲ್ಡ್ ಪಾರ್ಕ್‌ನಲ್ಲಿ ಆರಂಭವಾಗಿ ಈಗ ‘ಕ್ಯೂರ್ ವಯಲೆನ್ಸ್’ ಎಂದು ಹೆಸರಾದ ಮಾದರಿಯ ತಿರುಳು ಸರಳವಾದದ್ದು: ಆ ಬೀದಿಯ ಮಂದಿ ನಂಬುವ ಕಾರ್ಯಕರ್ತರು ಜಗಳವನ್ನು ಮೊದಲೇ ಮೂಸಿ ನೋಡಿ, ಗುಂಡು ಹಾರುವ ಮುನ್ನ ನಡುವೆ ನಿಂತು ಸಂಧಾನ ಮಾಡುತ್ತಾರೆ. ಈ ಮಾದರಿಯ ಮೌಲ್ಯಮಾಪನಗಳು ಎಲ್ಲ ನಗರಗಳಲ್ಲೂ ಒಂದೇ ಉತ್ತರ ಕೊಟ್ಟಿಲ್ಲ. ಒಂದೇ ನಗರದ ಒಂದು ಬಡಾವಣೆಯಲ್ಲಿ ಫಲ ಕಂಡು ಪಕ್ಕದ ಬಡಾವಣೆಯಲ್ಲಿ ಕಾಣದಿದ್ದದ್ದೂ ಉಂಟು. ಕಾಗದದ ಮೇಲಿನ ಮಾದರಿ ಒಂದೇ ಆಗಿದ್ದರೂ ನಡೆಸುವ ಕೈಗಳು ಬೇರೆ. ಆದ್ದರಿಂದ ಕಾರ್ಯಕರ್ತರು ಯಾವ ದಿನ, ಎಷ್ಟು ಗಂಟೆಗೆ ಬೀದಿಯಲ್ಲಿದ್ದರು ಎಂದು ಕೇಳಿ. ಗುಂಡು ಹಾರುವುದು ಶುಕ್ರವಾರ, ಶನಿವಾರಗಳ ರಾತ್ರಿಯಾಗಿದ್ದು, ಹಾಜರಿ ಪುಸ್ತಕದಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಬೆಳಗಿನ ಒಂಬತ್ತರಿಂದ ಸಂಜೆಯ ಐದು ಎಂದಿದ್ದರೆ ಬೇರೆ ಯಾವ ಅಂಕಿಯನ್ನೂ ನೋಡಬೇಕಾಗಿಲ್ಲ.

ಕಾರ್ಯಕರ್ತರು ಪ್ರತಿದಿನ ಬರೆದಿಡುವ ದಿನಚರಿ ಪುಸ್ತಕ ಚೆನ್ನಾಗಿದ್ದರೆ ಹೇಗಿರುತ್ತದೆ ಎಂಬುದಕ್ಕೆ ನಾನು ಕಂಡ ಒಂದು ಪುಟವನ್ನು ಹೇಳುತ್ತೇನೆ. ‘ರಾತ್ರಿ 11:20. ಅಂಗಡಿಯ ಮುಂದೆ ಇಬ್ಬರು. ಸಾಲದ ಹಣದ ಮಾತು. ದೊಡ್ಡವನನ್ನು ಕಾರಿನಲ್ಲಿ ಕೂರಿಸಿಕೊಂಡು ಸುತ್ತಾಡಿಸಿದೆ, ಚಿಕ್ಕವನ ಅಜ್ಜಿಗೆ ಫೋನ್ ಮಾಡಿದೆ. 1:40ಕ್ಕೆ ಇಬ್ಬರೂ ಮನೆಯಲ್ಲಿ. ನಾಳೆ ಮತ್ತೆ ನೋಡಬೇಕು.’ ಮರುದಿನದ ಪುಟದಲ್ಲಿ ಆ ‘ಮತ್ತೆ ನೋಡಿದ’ ದಾಖಲೆಯೂ ಇತ್ತು. ಹೆಸರು ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ‘ಈ ತಿಂಗಳು 60 ಮಂದಿಯ ಸಂಪರ್ಕ, 12 ಸಂಧಾನ’ ಎಂದು ಅಚ್ಚುಕಟ್ಟಾಗಿ ಮುದ್ರಿಸಿ ಕಳಿಸುವ ವರದಿಗಿಂತ ಈ ಎರಡು ಪುಟಗಳನ್ನು ನಾನು ಹೆಚ್ಚು ನಂಬುತ್ತೇನೆ. ಮೇಲ್ವಿಚಾರಣೆಗೆ ಹೋದವರು ಸಂಸ್ಥೆಯ ಕಚೇರಿಯಲ್ಲಿ ಕೂತು ಯಾವುದಾದರೂ ಮೂರು ದಿನಗಳ ಪುಟಗಳನ್ನು ತಾವೇ ಆರಿಸಿಕೊಂಡು ಓದಬೇಕು, ಸಂಸ್ಥೆಯವರು ಆರಿಸಿಕೊಟ್ಟದ್ದನ್ನಲ್ಲ.

ಸೋಲು ಕಂಡಾಗ ಸಂಸ್ಥೆಯ ಕಡತವನ್ನು ಮಾತ್ರವಲ್ಲ, ನಗರದ ಕಡತವನ್ನೂ ತೆರೆಯಬೇಕು. ಖರ್ಚು ಮಾಡಿ ಬಿಲ್ ಕಳಿಸಿದ ಮೇಲೆ ಹಣ ಮರಳಿಸುವ ಪದ್ಧತಿಯಲ್ಲಿ, ಒಕ್ಕೂಟ ಸರ್ಕಾರದ ಹಣವಾದರೆ ಬಿಲ್ ತಲುಪಿದ 30 ದಿನಗಳೊಳಗೆ ಪಾವತಿಯಾಗಬೇಕೆಂದು ನಿಯಮವಿದೆ. ಬೇಡಿಕೆ ಸರಿಯಿಲ್ಲವೆಂಬ ಸಕಾರಣವಿದ್ದರೆ ಮಾತ್ರ ತಡೆಯಬಹುದು. ಮುಂಗಡ ಕೊಡಲೂ ಅದೇ ನಿಯಮಾವಳಿಯಲ್ಲಿ ಅವಕಾಶವಿದೆ. ಆದರೂ ಸಣ್ಣ ಸಂಸ್ಥೆಗಳು ತಿಂಗಳುಗಟ್ಟಲೆ ಕಾಯುವುದನ್ನು ನಾನು ನೋಡುತ್ತಲೇ ಬಂದಿದ್ದೇನೆ. ನಾನೇ ಆರಂಭದ ವರ್ಷಗಳಲ್ಲಿ 38 ಡಾಲರ್‌ನ ಬಸ್ ಟಿಕೆಟ್ ರಸೀದಿಗಳಿಲ್ಲವೆಂದು ಒಂದು ಸಂಸ್ಥೆಯ ಇಡೀ ತ್ರೈಮಾಸಿಕ ಬಿಲ್ಲನ್ನು ಹಿಂದಿರುಗಿಸಿದೆ. ಆ 38 ಡಾಲರನ್ನು ಕಳೆದು ಉಳಿದದ್ದನ್ನು ಪಾವತಿಸಬಹುದಾಗಿತ್ತು. ಸಂಬಳ ಎರಡು ತಿಂಗಳು ತಡವಾಯಿತು, ಇಬ್ಬರು ಕಾರ್ಯಕರ್ತರು ಬೇರೆ ಕೆಲಸ ಹಿಡಿದು ಹೋದರು, ಅವರಲ್ಲಿ ಒಬ್ಬರು ಒಂದು ಹಳೆಯ ಜಗಳದ ಎರಡೂ ಕಡೆಯವರು ನಂಬುತ್ತಿದ್ದ ಏಕೈಕ ವ್ಯಕ್ತಿ. ಆ ವರ್ಷದ ಫಲಿತಾಂಶ ಕಳಪೆಯಾಗಿತ್ತು ಎಂದು ವರದಿ ಬರೆದವನೂ ನಾನೇ. ಆ ವರದಿಯ ಬಗ್ಗೆ ನನಗೆ ಇಂದಿಗೂ ನಾಚಿಕೆಯಿದೆ.

ಹಣ ದುರುಪಯೋಗವಾಗಿದ್ದರೆ, ದಿನಚರಿ ಸುಳ್ಳಾಗಿದ್ದರೆ, ತಿದ್ದಿಕೊಳ್ಳಲು ಲಿಖಿತವಾಗಿ ಅವಧಿ ಕೊಟ್ಟ ಮೇಲೂ ಬದಲಾಗದಿದ್ದರೆ ಖಂಡಿತ ನಿಲ್ಲಿಸಿ. ಆದರೆ ನಿಲ್ಲಿಸುವ ದಿನವೇ ಆ ಬೀದಿಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದೂ ತೀರ್ಮಾನವಾಗಿರಬೇಕು.

ಪ್ರಶ್ನೆ: ಕಾರ್ಯಕ್ರಮದಲ್ಲಿರುವ ಯುವಕರ ಹೆಸರಿನ ಪಟ್ಟಿಯನ್ನು ನಗರವೂ ಪೊಲೀಸರೂ ಇಟ್ಟುಕೊಂಡರೆ ತಪ್ಪೇನು?

ಪಟ್ಟಿ ಪೊಲೀಸರ ಕೈಯಲ್ಲಿದೆ ಎಂಬ ಸುದ್ದಿ ಬೀದಿಗೆ ತಲುಪಿದ ದಿನ ಕಾರ್ಯಕರ್ತನ ಜೀವಕ್ಕೇ ಅಪಾಯ. ಸಂಕೇತ ಸಂಖ್ಯೆ ಸಾಕು. ನನ್ನ ಕಚೇರಿಯ ಕಡತದಲ್ಲಿ ಹೆಸರು ಬಾರದಂತೆ ನಾನು ಕರಾರಿನಲ್ಲೇ ಬರೆಸುತ್ತೇನೆ, ಏಕೆಂದರೆ ನಗರದ ಬಳಿ ಇರುವ ಕಾಗದವನ್ನು ನ್ಯಾಯಾಲಯ ಕೇಳಬಹುದು.

ಪ್ರಶ್ನೆ: ಜೈಲಿಗೆ ಹೋಗಿ ಬಂದವರನ್ನು ಕಾರ್ಯಕರ್ತರನ್ನಾಗಿ ಇಟ್ಟುಕೊಂಡು ಸರ್ಕಾರದ ಹಣದಲ್ಲಿ ಸಂಬಳವೇ?

ಹೌದು. ಅವರ ಮಾತನ್ನು ಕೇಳುವ ಹುಡುಗ ನಿಮ್ಮ ಮಾತನ್ನೂ ನನ್ನ ಮಾತನ್ನೂ ಕೇಳುವುದಿಲ್ಲ.

ಪ್ರಶ್ನೆ: ಹುಡುಗರನ್ನು ಜೈಲಿಗೆ ಕರೆದೊಯ್ದು ಹೆದರಿಸುವ ಒಂದು ದಿನದ ಶಿಬಿರಕ್ಕೆ ಹಣ ಕೊಡಬಹುದೇ?

ಕೊಡಬೇಡಿ. 1970ರ ದಶಕದಲ್ಲಿ ನ್ಯೂಜೆರ್ಸಿಯ ರಾಹ್‌ವೇ ಜೈಲಿನಿಂದ ಪ್ರಸಿದ್ಧಿಗೆ ಬಂದ ಈ ಪದ್ಧತಿಯನ್ನು ಹಲವು ಪ್ರಯೋಗಗಳ ಮೂಲಕ ಪರೀಕ್ಷಿಸಲಾಗಿದೆ. ಹೆದರಿಸಲ್ಪಟ್ಟ ಹುಡುಗರು ಹೋಗದವರಿಗಿಂತ ಹೆಚ್ಚು ಅಪರಾಧ ಮಾಡಿದರು ಎಂಬುದೇ ಅವುಗಳ ಒಟ್ಟು ಫಲಿತಾಂಶ. ಇಷ್ಟು ತಿಳಿದ ಮೇಲೂ ಇದನ್ನು ಮಾರುತ್ತಿರುವವರಿಗೆ ಮಕ್ಕಳ ಬಗ್ಗೆ ಕಾಳಜಿಯಿಲ್ಲ.

ಪ್ರಶ್ನೆ: ಅನುದಾನ ಕೊಡಿಸಿಯೇ ತೀರುತ್ತೇನೆ, ಬಂದ ಮೊತ್ತದಲ್ಲಿ ಶೇ. 10 ಕೊಡಿ ಎನ್ನುವ ಸಲಹೆಗಾರರನ್ನು ನಂಬಬಹುದೇ?

ಯಾರೂ ಖಾತ್ರಿ ಕೊಡಲಾರರು. ಅಂಥವರನ್ನು ಬಾಗಿಲಲ್ಲೇ ನಿಲ್ಲಿಸಿ.

ಪ್ರಶ್ನೆ: 2021ರ ಸಾಂಕ್ರಾಮಿಕ ಪರಿಹಾರ ನಿಧಿಯಿಂದ ನಮಗೆ ಬಂದ ಹಣದಲ್ಲಿ ಉಳಿದದ್ದನ್ನು 2027ಕ್ಕೆ ಇಟ್ಟುಕೊಳ್ಳಬಹುದೇ?

ಇಲ್ಲ. ಆ ಹಣವನ್ನು ಯಾವ ಕರಾರಿಗೆ ಕೊಡುವುದೆಂದು 2024ರ ಡಿಸೆಂಬರ್ 31ರೊಳಗೆ ನಿಗದಿಯಾಗಿರಬೇಕಿತ್ತು. ಖರ್ಚು 2026ರ ಡಿಸೆಂಬರ್ 31ರೊಳಗೆ ಮುಗಿಯಬೇಕು. ಕೊನೆಯ ಬಿಲ್ಲನ್ನು ಡಿಸೆಂಬರ್‌ವರೆಗೆ ಎಳೆಯದೆ ನಗರಕ್ಕೆ ಬೇಗನೆ ಕಳಿಸಿ, ತಲುಪಿದ್ದಕ್ಕೆ ಸಹಿ ಪಡೆದುಕೊಳ್ಳಿ.