ಪಕ್ಕದ ಮನೆಯ ಮುನಿಸು

ಪ್ರಶ್ನೆ: ಟ್ರಂಪ್ ಸುಂಕಕ್ಕೆ ಕೆನಡಾ ಯಾಕೆ ಅಷ್ಟು ಸಿಟ್ಟಾಯಿತು? ಅಕ್ಕಪಕ್ಕದವರು ಅಲ್ವಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಅಕ್ಕಪಕ್ಕದವರು ಅನ್ನುವುದಕ್ಕೇ ಸಿಟ್ಟು! 1958ರಿಂದ ಅಮೆರಿಕ, ಕೆನಡಾ ಎರಡೂ ಸೇರಿಯೇ ಶತ್ರು ದಾಳಿ ಆಗದಂತೆ ಆಕಾಶ ಕಾಯುತ್ತಿವೆ. ಹಾಗಿದ್ದೂ 2025ರ ಮಾರ್ಚ್‌ನಲ್ಲಿ ಟ್ರಂಪ್ ಶೇ 25 ಸುಂಕ ಹಾಕಿದರು. ಜತೆಗೆ ‘ಅಮೆರಿಕದ 51ನೇ ರಾಜ್ಯ ಆಗಿ’ ಎಂಬ ಕೊಂಕು ಬೇರೆ. ಸುಂಕಕ್ಕಿಂತ ಆ ಮಾತೇ ಜಾಸ್ತಿ ಚುಚ್ಚಿದ್ದು ಅಂತ ನನ್ನ ಲೆಕ್ಕ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಸರ್ಕಾರಿ ಮದ್ಯದಂಗಡಿಗಳು ಅಮೆರಿಕದ ಬಾಟಲಿಗಳನ್ನೆಲ್ಲ ಕಪಾಟಿನಿಂದ ಇಳಿಸಿಬಿಟ್ಟವು. ಟೊರೊಂಟೊದಲ್ಲಿರುವ ನನ್ನ ತಂಗಿ ಕುಡಿಯುವವಳಲ್ಲ. ಅವಳು ಕಿತ್ತಳೆ ಹಣ್ಣು ತಿರುಗಿಸಿ ಸ್ಟಿಕ್ಕರ್ ಓದುತ್ತಾಳೆ. ಫ್ಲೋರಿಡಾದ್ದಾದರೆ ಸುಮ್ನೆ ವಾಪಸ್ ಇಡುತ್ತಾಳೆ. ಅದೇ ಮಾರ್ಚ್‌ನಲ್ಲಿ ಕೆನಡಾದ ಪ್ರಧಾನಿಯಾದ ಮಾರ್ಕ್ ಕಾರ್ನಿ ಮೊದಲ ವಿದೇಶ ಪ್ರವಾಸಕ್ಕೆ ಹೋದದ್ದು ವಾಷಿಂಗ್ಟನ್‌ಗಲ್ಲ, ಪ್ಯಾರಿಸ್‌ಗೆ. ಅಲ್ಲಿಂದ ಲಂಡನ್‌ಗೆ.