ಎಂಟು ಚಕ್ರದ ಉಭಯಚರ ವಾಹನಕ್ಕೆ ರಬ್ಬರ್ ಟ್ರ್ಯಾಕ್ ಹಾಕಿಸುವುದು ಯಾವಾಗ ಸೂಕ್ತ, ಹಾಕುವ ಕ್ರಮವೇನು?

ಆಳವಾದ ಹಿಮದಲ್ಲಿ ಅಥವಾ ಕೆಸರಿನಲ್ಲಿ ಹೆಚ್ಚಾಗಿ ಓಡಿಸುವವರಿಗೆ ಮಾತ್ರ ಟ್ರ್ಯಾಕ್ ನಿಜವಾಗಿ ಉಪಯುಕ್ತ. ಕೆನಡಾದ ಆರ್ಗೊದಂತಹ ವಾಹನಗಳಲ್ಲಿ ಟ್ರ್ಯಾಕನ್ನು ಟೈರುಗಳ ಮೇಲೆಯೇ ಸುತ್ತಲಾಗುತ್ತದೆ. ಇದರಿಂದ ವಾಹನದ ಭಾರ ಇಡೀ ಪಟ್ಟಿಯ ಮೇಲೆ ಹಂಚಿಹೋಗಿ, ನೆಲದ ಮೇಲಿನ ಒತ್ತಡ ಬಹಳ ಕಡಿಮೆಯಾಗುತ್ತದೆ.

ಟ್ರ್ಯಾಕನ್ನು ಸಮತಟ್ಟಾದ ನೆಲದಲ್ಲಿ ಉದ್ದಕ್ಕೆ ಹಾಸಿ, ಟೈರುಗಳ ಗಾಳಿಯನ್ನು ಸ್ವಲ್ಪ ಇಳಿಸಿ, ವಾಹನವನ್ನು ನಿಧಾನವಾಗಿ ಅದರ ಮೇಲೆ ಹತ್ತಿಸಬೇಕು. ಬಳಿಕ ಎರಡೂ ತುದಿಗಳನ್ನು ಟೈರುಗಳ ಮೇಲಿನಿಂದ ತಂದು, ರ್‍ಯಾಚೆಟ್ ಪಟ್ಟಿಯಿಂದ (ಹಿಡಿಯನ್ನು ಆಡಿಸಿ ಬಿಗಿಗೊಳಿಸುವ ಕಟ್ಟುಪಟ್ಟಿ) ಹತ್ತಿರಕ್ಕೆ ಎಳೆದು, ಕೀಲುಗಳನ್ನು ಜೋಡಿಸಿ, ಟೈರುಗಳಿಗೆ ಗಾಳಿ ತುಂಬಿದರೆ ಟ್ರ್ಯಾಕ್ ಬಿಗಿಯಾಗುತ್ತದೆ. ಇಲ್ಲಿ ಅವಸರ ಬೇಡ. ಒಂದು ಬದಿಯ ಚಕ್ರಗಳೆಲ್ಲ ಚೈನಿನ ಮೂಲಕ ಒಂದೇ ವೇಗದಲ್ಲಿ ತಿರುಗುವುದರಿಂದ, ಒಂದು ಟೈರಿನ ಗಾಳಿ ಕಡಿಮೆಯಿದ್ದು ಅದರ ಸುತ್ತಳತೆ ಕುಗ್ಗಿದರೂ ಅದು ಟ್ರ್ಯಾಕಿಗೆ ಉಜ್ಜುತ್ತಾ ರಬ್ಬರನ್ನು ಸವೆಸುತ್ತದೆ. ಆದ್ದರಿಂದ ಕಡಿಮೆ ಒತ್ತಡವನ್ನು ನಿಖರವಾಗಿ ತೋರಿಸುವ ಗೇಜಿನಿಂದ ಪ್ರತಿಯೊಂದನ್ನೂ ಅಳೆಯಿರಿ.

ಈ ವಾಹನ ತಿರುಗುವುದು ಒಂದು ಬದಿಗೆ ಬ್ರೇಕ್ ಹಾಕುವುದರಿಂದ. ಟ್ರ್ಯಾಕ್ ಇದ್ದಾಗ ಆ್ಯಕ್ಸಲ್, ಬೇರಿಂಗ್ ಮತ್ತು ಬ್ರೇಕುಗಳ ಮೇಲೆ ಹೊರೆ ಹೆಚ್ಚುವುದರಿಂದ, ತಯಾರಕರು ಸೂಚಿಸಿದ ಹೆಚ್ಚುವರಿ ಬೇರಿಂಗ್ ಕಿಟ್ ಹಾಕಿಸಿಯೇ ಮುಂದುವರಿಯುವುದು ಒಳ್ಳೆಯದು. ಡಾಂಬರು ರಸ್ತೆಯಲ್ಲಿ ಬಿಗಿಯಾಗಿ ತಿರುಗಿಸಬೇಡಿ. ನೀರಿಗೆ ಇಳಿಯುವ ಮುನ್ನ, ವಾಹನ ಹೊರಬಲ್ಲ ಭಾರದಿಂದ ಟ್ರ್ಯಾಕಿನ ತೂಕವನ್ನು ಕಳೆದು ಎಷ್ಟು ಜನ, ಎಷ್ಟು ಸಾಮಾನು ಎಂಬುದನ್ನು ಮತ್ತೆ ಲೆಕ್ಕಹಾಕಬೇಕು.