ಹೂದೋಟ ಪ್ರಶ್ನೋತ್ತರ: ಗುಲಾಬಿಗೆ ಬಣ್ಣವಿದೆ, ಕಂಪೆಲ್ಲಿ?

ಪ್ರಶ್ನೆ: ತಾರಸಿಯ ಕುಂಡದಲ್ಲಿ ಪಿಂಕ್ ಗುಲಾಬಿ ಚೆನ್ನಾಗಿ ಹೂ ಬಿಡುತ್ತಿದೆ. ಮೂಗಿಗೆ ಹಿಡಿದರೂ ವಾಸನೆಯಿಲ್ಲ. ಯಾವ ಗೊಬ್ಬರ ಹಾಕಿದರೆ ಪರಿಮಳ ಬರುತ್ತದೆ? (ಬೆಂಗಳೂರು)

ಉತ್ತರ: ಯಾವ ಗೊಬ್ಬರ ಹಾಕಿದರೂ ಬರುವುದಿಲ್ಲ. ಕಂಪು ತಳಿಯಲ್ಲೇ ಇರಬೇಕು. ಗುಲಾಬಿಯ ಪರಿಮಳದ ಮುಖ್ಯ ಅಂಶಗಳಲ್ಲೊಂದು ಜೆರಾನಿಯಾಲ್. ಅದನ್ನು ಎಸಳಿನೊಳಗೆ ತಯಾರಿಸುವಲ್ಲಿ ಒಂದು ಕಿಣ್ವದ ಪಾತ್ರ ದೊಡ್ಡದೆಂದು ಫ್ರಾನ್ಸಿನ ವಿಜ್ಞಾನಿಗಳು 2015ರಲ್ಲಿ ತೋರಿಸಿಕೊಟ್ಟರು. ಕಂಪಿಲ್ಲದ ತಳಿಗಳಲ್ಲಿ ಆ ಕಿಣ್ವದ ಕೆಲಸ ತೀರಾ ಕಡಿಮೆ. ಹೂದಾನಿಗೆಂದು ಬೆಳೆಸಿದ ತಳಿಗಳಲ್ಲಿ ಉದ್ದನೆಯ ಕಾಂಡ, ಗಟ್ಟಿ ಎಸಳು, ಹೆಚ್ಚು ದಿನ ಬಾಳುವ ಗುಣ ಇವನ್ನೇ ನೋಡಿ ಆರಿಸುತ್ತಾ ಬಂದರು, ಪರಿಮಳ ಹಿಂದೆ ಉಳಿಯಿತು. ನಿಮ್ಮ ಗಿಡ ಆರೋಗ್ಯವಾಗಿಯೇ ಇದೆ. ಅದನ್ನು ಚೆಂದಕ್ಕೆ ಇಟ್ಟುಕೊಳ್ಳಿ, ಕಂಪಿಗೆ ಬೇರೆ ಗಿಡ ತನ್ನಿ.

ಮೊದಲು ಕೇಳಬೇಕಾದದ್ದು ಪನ್ನೀರು ಗುಲಾಬಿ. ಆದರೆ ಈ ಒಂದೇ ಹೆಸರಿನಲ್ಲಿ ಎರಡು ಬಗೆಯ ಗಿಡಗಳು ಮಾರಾಟವಾಗುತ್ತವೆ. ಒಂದು ದಮಸ್ಕ ಗುಲಾಬಿ. ಇದರ ಎಲೆಗೆ ಬೂದು ಛಾಯೆ, ತಳಭಾಗ ಮುಟ್ಟಿದರೆ ಮೃದು, ಕಾಂಡದ ತುಂಬ ಸಣ್ಣ ದೊಡ್ಡ ಮುಳ್ಳುಗಳು ಬೆರೆತಿರುತ್ತವೆ. ಇದು ಚಳಿ ಬೇಡುವ ಗಿಡ. ಉತ್ತರ ಭಾರತದಲ್ಲಿ ಅತ್ತರಿಗೂ ಗುಲ್ಕಂದಕ್ಕೂ ಬೆಳೆಯುವ ಇದನ್ನು ಚೈತಿ ಗುಲಾಬ್ ಎನ್ನುತ್ತಾರೆ. ಚೈತ್ರದ ಹೊತ್ತಿಗೆ ಒಮ್ಮೆ ಸುಗ್ಗಿಯಾಗಿ ಅರಳುವುದರಿಂದ ಬಂದ ಹೆಸರು ಅದು. ಇನ್ನೊಂದು ಎಡ್ವರ್ಡ್ ಗುಲಾಬಿ. ಹಿಂದೂ ಮಹಾಸಾಗರದ ಬೂರ್ಬೋನ್ ದ್ವೀಪದಲ್ಲಿ, ಅಂದರೆ ಇಂದಿನ ರಿಯೂನಿಯನ್‌ನಲ್ಲಿ, ಚೀನಾ ಗುಲಾಬಿಯೂ ದಮಸ್ಕವೂ ಬೆರೆತು ಹುಟ್ಟಿದ ಬಳಗ ಇದರದು. ಹಾಗಾಗಿ ದಮಸ್ಕದ ಕಂಪಿನ ಜೊತೆಗೆ ಚೀನಾ ಗುಲಾಬಿಯಂತೆ ಮತ್ತೆ ಮತ್ತೆ ಹೂ ಬಿಡುವ ಗುಣವೂ ಬಂದಿದೆ. ನಮ್ಮ ದೇಶದಲ್ಲಿ ಇದನ್ನು ಬಹುಕಾಲ ಕಸಿಯ ಬೇರುಗಿಡವಾಗಿ, ಅಂದರೆ ಬೇರೆ ತಳಿಯನ್ನು ಮೇಲೆ ಕೂಡಿಸುವ ಬುಡದ ಗಿಡವಾಗಿ, ಬಳಸಿದ್ದಾರೆ, ಅಷ್ಟು ಗಟ್ಟಿ ಜೀವ. ನಮ್ಮ ಹವೆಗೆ ನನ್ನ ಆಯ್ಕೆ ಎಡ್ವರ್ಡ್. ಹಳೆಯ ಮನೆಗಳ ಹಿತ್ತಲಲ್ಲಿ ಇನ್ನೂ ಉಳಿದಿದ್ದರೆ ದಯವಿಟ್ಟು ಕಿತ್ತು ಎಸೆಯಬೇಡಿ, ಒಂದು ರೆಂಬೆಯನ್ನಾದರೂ ಬೇರಿಳಿಸಿಕೊಳ್ಳಿ.

ದೊಡ್ಡ ಹೂವೇ ಬೇಕೆಂದರೆ ಹೈಬ್ರಿಡ್ ಟೀ ತಳಿಗಳಲ್ಲಿ ಐಫೆಲ್ ಟವರ್, ಪರ್ಫ್ಯೂಮ್ ಡಿಲೈಟ್ ಎರಡೂ ಪಿಂಕ್, ಎರಡೂ ಘಮಘಮ. ಕ್ವೀನ್ ಎಲಿಜಬೆತ್ ಹೆಸರು ಕೇಳಿ ಕೊಳ್ಳಬೇಡಿ. ಗಿಡ ಅದ್ಭುತ, ಕಂಪು ಮಾತ್ರ ಅಷ್ಟಕ್ಕಷ್ಟೇ. ನರ್ಸರಿಗೆ ಬೆಳಗ್ಗೆಯೇ ಹೋಗಿ, ಅರ್ಧ ಅರಳಿದ ಹೂವಿರುವ ಗಿಡವನ್ನೇ ಮೂಸಿ ಆರಿಸಿ. ಮಧ್ಯಾಹ್ನದ ಬಿಸಿಲಿಗೆ ಪರಿಮಳದ ಎಣ್ಣೆ ಆವಿಯಾಗಿ, ಒಳ್ಳೆಯ ತಳಿಯೂ ಸಪ್ಪೆ ಎನಿಸುತ್ತದೆ.

ಪ್ರಶ್ನೆ: ಎರಡು ವರ್ಷ ಪಿಂಕ್ ಹೂ ಬಿಟ್ಟ ಗಿಡದಲ್ಲಿ ಈಗ ಗೊಂಚಲು ಗೊಂಚಲಾಗಿ ಸಣ್ಣ ಬಿಳಿ ಹೂ ಬರುತ್ತಿವೆ. ಗಿಡ ಬಣ್ಣ ಬದಲಿಸುತ್ತದೆಯೇ? ಏಳು ಎಲೆಯ ಚಿಗುರು ಕಾಡುಚಿಗುರು ಎನ್ನುತ್ತಾರಲ್ಲ, ನಿಜವೇ? (ಹಾಸನ)

ಉತ್ತರ: ಬಣ್ಣ ಬದಲಾಗಿಲ್ಲ, ಗಿಡವೇ ಬದಲಾಗಿದೆ. ನೀವು ಕೊಂಡದ್ದು ಕಸಿ ಗಿಡ. ಕೆಳಗಿನ ಬೇರುಗಿಡ ಚಿಗುರಿ, ಮೇಲಿನ ಪಿಂಕ್ ತಳಿಗೆ ಹೋಗಬೇಕಾದ ಆಹಾರವನ್ನು ತಾನೇ ಎಳೆದುಕೊಂಡಿದೆ.

ಏಳು ಎಲೆಯ ಲೆಕ್ಕವನ್ನು ನಂಬಬೇಡಿ. ಒಳ್ಳೆಯ ತಳಿಗಳಲ್ಲೂ ಏಳೆಲೆ ಬರುವುದುಂಟು, ಆ ಲೆಕ್ಕ ಹಿಡಿದು ಎಷ್ಟೋ ಜನ ಹೂ ಬಿಡುವ ರೆಂಬೆಯನ್ನೇ ಕತ್ತರಿಸಿ ಹಾಕುತ್ತಾರೆ. ನೋಡಬೇಕಾದದ್ದು ಚಿಗುರು ಎಲ್ಲಿಂದ ಹೊರಟಿದೆ ಎಂಬುದನ್ನು. ಬುಡದ ಮಣ್ಣನ್ನು ಎರಡು ಮೂರು ಇಂಚು ಕೈಯಿಂದ ಸರಿಸಿ. ಬೆರಳ ಗೆಣ್ಣಿನಂತೆ ಊದಿಕೊಂಡ ಗಂಟು ಸಿಗುತ್ತದೆ, ಅದೇ ಕಸಿ ಗಂಟು. ಅದರ ಮೇಲಿಂದ ಬಂದದ್ದು ನಿಮ್ಮ ಗುಲಾಬಿ, ಕೆಳಗಿಂದ ಬಂದದ್ದು ಬೇರುಗಿಡ. ಬಿಳಿ ಗೊಂಚಲು ಹೂ ಎಂದಿದ್ದೀರಿ, ಬೇರುಗಿಡವಾಗಿ ಬಳಸುವ ಮಲ್ಟಿಫ್ಲೋರಾ ಎಂಬ ಕಾಡುಗುಲಾಬಿ ಇರಬಹುದು. ಅದರ ಎಲೆತೊಟ್ಟು ಕಾಂಡಕ್ಕೆ ಅಂಟುವ ಜಾಗದಲ್ಲಿ ಸೀರೆಯ ಕುಚ್ಚಿನಂತೆ ಸಣ್ಣ ಎಳೆಗಳು ಕಾಣುತ್ತವೆ.

ಇದನ್ನು ಕತ್ತರಿಯಿಂದ ಕತ್ತರಿಸಿದರೆ ಉಳಿದ ಮೋಟಿನ ಕಣ್ಣುಗಳಿಂದ ಒಂದರ ಜಾಗದಲ್ಲಿ ನಾಲ್ಕು ಬರುತ್ತವೆ. ಮಣ್ಣು ಒದ್ದೆಯಿರುವಾಗ ದಪ್ಪ ಕೈಗವಸು ಹಾಕಿ, ಚಿಗುರನ್ನು ಬುಡದಲ್ಲಿ ಹಿಡಿದು ಕೆಳಮುಖವಾಗಿ ಹರಿದು ತೆಗೆಯಿರಿ. ಅದರ ಜೊತೆಗೆ ಚೂರು ತೊಗಟೆಯೂ ಹಿಮ್ಮಡಿಯಂತೆ ಕಿತ್ತು ಬಂದರೆ ಕಣ್ಣು ಸಮೇತ ಹೋಯಿತೆಂದು ಅರ್ಥ. ಗಾಯಕ್ಕೆ ಶಿಲೀಂಧ್ರ ತಡೆಯುವ ಕಾಪರ್ ಆಕ್ಸಿಕ್ಲೋರೈಡ್ ಪುಡಿಯನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಹಚ್ಚಿ. ಗಂಟಿನ ಮೇಲೆ ಒಂದೂ ಹಸಿರು ರೆಂಬೆ ಉಳಿದಿಲ್ಲವೆಂದರೆ ಪಿಂಕ್ ಗುಲಾಬಿ ಸತ್ತಿದೆ, ಹೊಸ ಗಿಡವೇ ದಾರಿ.

ಪ್ರಶ್ನೆ: ಮಳೆಗಾಲದಲ್ಲಿ ಎಲೆಗಳ ಮೇಲೆ ಕಪ್ಪು ಚುಕ್ಕೆ ಬಂದು ಹಳದಿಯಾಗಿ ಉದುರುತ್ತವೆ. ಆಗಸ್ಟ್ ಹೊತ್ತಿಗೆ ಗಿಡ ಬೋಳು. ಕರಾವಳಿಯಲ್ಲಿ ಗುಲಾಬಿ ಆಗುವುದೇ ಇಲ್ಲವೇ? (ಉಡುಪಿ)

ಉತ್ತರ: ಆಗುತ್ತದೆ, ಆದರೆ ಮಳೆಗಾಲದಲ್ಲಿ ಗಿಡಕ್ಕೆ ಸೂರು ಬೇಕು. ಕಪ್ಪು ಚುಕ್ಕೆ ರೋಗದ ಶಿಲೀಂಧ್ರಕ್ಕೆ ಎಲೆ ಸುಮಾರು ಏಳು ತಾಸು ಒದ್ದೆಯಾಗಿದ್ದರೆ ಸಾಕು, ಮೊಳೆತು ಒಳಹೊಕ್ಕುಬಿಡುತ್ತದೆ. ನಿಮ್ಮಲ್ಲಿ ಜೂನ್‌ನಿಂದ ಎಲೆ ಒಣಗಲು ಪುರಸೊತ್ತೇ ಇಲ್ಲ. ಆದ್ದರಿಂದ ನೆಲದಲ್ಲಿ ನೆಡುವ ಬದಲು 12ರಿಂದ 14 ಇಂಚಿನ ಕುಂಡದಲ್ಲಿ ಬೆಳೆಸಿ, ಮಳೆ ಹಿಡಿಯುತ್ತಲೇ ಪೂರ್ವಕ್ಕೆ ತೆರೆದ ಜಗಲಿಯಂಚಿಗೆ ಸರಿಸಿ. ಮಳೆಹನಿ ಬೀಳಬಾರದು, ಗಾಳಿ ಬೆಳಕು ತಪ್ಪಬಾರದು.

ಕುಂಡಕ್ಕೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ದಪ್ಪ ಮರಳು. ಇದಕ್ಕೆ 100 ಗ್ರಾಂ ಬೇವಿನ ಹಿಂಡಿ, 50 ಗ್ರಾಂ ಮೂಳೆ ಗೊಬ್ಬರ ಸೇರಿಸಿ. ತಳದ ತೂತುಗಳ ಮೇಲೆ ಹೆಂಚಿನ ಚೂರು ಬೋರಲು ಹಾಕಿ, ಕುಂಡವನ್ನು ಇಟ್ಟಿಗೆಯ ಮೇಲೆ ಎತ್ತಿಡಿ.

ಚುಕ್ಕೆ ಬಿದ್ದ ಎಲೆಗಳನ್ನು ಕಿತ್ತು, ಉದುರಿದ್ದನ್ನೂ ಆರಿಸಿ ಸುಡಿ. ಗೊಬ್ಬರದ ಗುಂಡಿಗೆ ಹಾಕಿದರೆ ರೋಗವನ್ನು ಮುಂದಿನ ವರ್ಷಕ್ಕೆ ಕಾದಿಟ್ಟಂತೆ. ಮಳೆಗೆ ಮೊದಲೇ, ಮೇ ಕೊನೆಯಲ್ಲಿ, ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಬೆರೆಸಿ ಎಲೆಯ ಎರಡೂ ಬದಿಗೆ ಸಿಂಪಡಿಸಿ. ಬಿಡುವು ಸಿಕ್ಕಾಗ ಹತ್ತು ಹದಿನೈದು ದಿನಕ್ಕೊಮ್ಮೆ ಮತ್ತೆ ಸಿಂಪಡಿಸಿ. ಇದು ತಡೆಯುವ ಔಷಧ. ಬಿದ್ದ ಚುಕ್ಕೆಯನ್ನು ಅಳಿಸುವುದಿಲ್ಲ. ಸಿಂಪಡಿಸಿದ ಗಿಡದ ಎಸಳನ್ನು ತಿನ್ನಲು ಬಳಸಬೇಡಿ.

ಪ್ರಶ್ನೆ: ಅಜ್ಜಿಯ ಮನೆಯ ಪನ್ನೀರು ಗುಲಾಬಿಯಿಂದ ಐದು ಸಲ ಕಡ್ಡಿ ತಂದು ನೆಟ್ಟೆ. ಚಿಗುರುತ್ತದೆ, ಆಮೇಲೆ ಒಣಗುತ್ತದೆ. ತಪ್ಪೆಲ್ಲಿ? (ಶಿರಸಿ)

ಉತ್ತರ: ಚಿಗುರು ಕಂಡ ಕೂಡಲೇ ಬೇರು ಬಂದಿದೆ ಎಂದುಕೊಳ್ಳುವುದೇ ತಪ್ಪು. ಕಡ್ಡಿ ತನ್ನೊಳಗೆ ಉಳಿದ ಆಹಾರದಿಂದಲೇ ಎರಡು ಮೂರು ಎಲೆ ಬಿಡುತ್ತದೆ. ಆಗ ಅದನ್ನು ಅಲುಗಾಡಿಸಿದರೆ, ಬಿಸಿಲಿಗಿಟ್ಟರೆ ಅಥವಾ ಗೊಬ್ಬರ ಕೊಟ್ಟರೆ ಮುಗಿಯಿತು.

ಹೂ ಬಿಟ್ಟು ಮುಗಿದ, ಪೆನ್ಸಿಲ್ ದಪ್ಪದ ರೆಂಬೆ ಆರಿಸಿ. ಹದ ತಿಳಿಯಲು ಮುಳ್ಳನ್ನು ಹೆಬ್ಬೆರಳಿಂದ ಪಕ್ಕಕ್ಕೆ ಒತ್ತಿ ನೋಡಿ. ಟಕ್ಕೆಂದು ಮುರಿದು ಬಂದರೆ ಕಡ್ಡಿ ಬಲಿತಿದೆ, ಬಾಗಿದರೆ ಎಳಸು. ಆರರಿಂದ ಎಂಟು ಇಂಚು ಉದ್ದ, ನಾಲ್ಕು ಕಣ್ಣು ಇರಲಿ. ಬುಡವನ್ನು ಕಣ್ಣಿನ ಸರಿಕೆಳಗೆ ಓರೆಯಾಗಿ, ತುದಿಯನ್ನು ಕಣ್ಣಿಗಿಂತ ಕಾಲು ಇಂಚು ಮೇಲೆ ಕತ್ತರಿಸಿ. ತುದಿಯ ಎರಡು ಎಲೆ ಬಿಟ್ಟು ಉಳಿದವನ್ನು ತೆಗೆಯಿರಿ. ಬುಡವನ್ನು ಬೇರು ಬರಿಸುವ ಐಬಿಎ ಪುಡಿಯಲ್ಲಿ ಅದ್ದಿ, ಅಂಟಿದ ಹೆಚ್ಚಿನ ಪುಡಿ ಕೊಡವಿ. ಮೊದಲು ಬೇರೊಂದು ಕಡ್ಡಿಯಿಂದ ತೂತು ಮಾಡಿ ಆಮೇಲೆ ಇಳಿಸಿ. ನೇರ ಚುಚ್ಚಿದರೆ ಪುಡಿಯೂ ತೊಗಟೆಯೂ ಸುಲಿದುಹೋಗುತ್ತವೆ.

ಅರ್ಧ ಮರಳು, ಅರ್ಧ ತೆಂಗಿನ ನಾರಿನ ಪುಡಿ, ಅಷ್ಟೇ. ಗೊಬ್ಬರ ಸೇರಿದರೆ ಕಡ್ಡಿ ಬುಡದಿಂದ ಕಪ್ಪಗೆ ಕೊಳೆಯುತ್ತದೆ. ತಳ ಕತ್ತರಿಸಿದ ನೀರಿನ ಬಾಟಲಿ ಕವುಚಿ ನೆರಳಿನಲ್ಲಿಡಿ. ಮೂರು ವಾರದ ಹೊತ್ತಿಗೆ ಕತ್ತರಿಸಿದ ಅಂಚಿನ ಸುತ್ತ ಬೆಳ್ಳಗೆ ಸಾಬಕ್ಕಿಯಂಥ ಗಂಟುಗಳು ಮೂಡುತ್ತವೆ. ಬೇರು ಇನ್ನೂ ಆಮೇಲೆ. ಆದರೆ ಕಿತ್ತು ನೋಡುವ ಆಸೆ ತಡೆದುಕೊಳ್ಳಿ. ಒಂದೂವರೆ ಎರಡು ತಿಂಗಳಿಗೆ ಬೇರು ಕುಂಡದ ತಳದ ತೂತಿನಲ್ಲಿ ಇಣುಕಿದ ಮೇಲೆ ಬಾಟಲಿಯನ್ನು ದಿನಕ್ಕೆ ಸ್ವಲ್ಪ ಹೊತ್ತು ತೆಗೆಯುತ್ತಾ ಗಾಳಿಗೆ ಒಗ್ಗಿಸಿ.

ಅಜ್ಜಿಯ ಮನೆಗೆ ಆಗಾಗ ಹೋಗುವವರಾದರೆ ಇನ್ನೂ ಖಚಿತವಾದ ದಾರಿಯಿದೆ. ಮಳೆಗಾಲದ ಶುರುವಿನಲ್ಲಿ ಬಗ್ಗುವ ರೆಂಬೆಯೊಂದರ ಕೆಳಭಾಗವನ್ನು ಒಂದು ಇಂಚು ಸೀಳಿ, ಸೀಳಿಗೆ ಬೆಂಕಿಕಡ್ಡಿ ಸಿಕ್ಕಿಸಿ, ಮಣ್ಣಲ್ಲಿ ಮುಚ್ಚಿ ಮೇಲೆ ಕಲ್ಲು ಹೇರಿಡಿ. ತಾಯಿಗಿಡ ಹಾಲೂಡುತ್ತಲೇ ಇರುವುದರಿಂದ ಸೋಲುವುದು ಅಪರೂಪ. ಎರಡು ಮೂರು ತಿಂಗಳು ಕಳೆದು ಬೇರ್ಪಡಿಸಿ. ಹೀಗೆ ಬಂದ ಗಿಡಕ್ಕೆ ಕಸಿ ಗಂಟಿಲ್ಲ, ಬುಡದಿಂದ ಏನೇ ಚಿಗುರಿದರೂ ಅದು ಪನ್ನೀರೇ.

ಪ್ರಶ್ನೆ: ಬೇಸಿಗೆಯಲ್ಲಿ ಮೊಗ್ಗಿನ ಅಂಚು ಸುಟ್ಟಂತೆ ಕಂದಾಗಿ, ಅರಳದೆ ಉಳಿಯುತ್ತದೆ. ನೀರು ಸಾಲದೇ? (ಬಳ್ಳಾರಿ)

ಉತ್ತರ: ಥ್ರಿಪ್ಸ್ ನುಸಿ ಇರಬೇಕು. ಮೊಗ್ಗನ್ನು ಬಿಳಿ ಕಾಗದದ ಮೇಲೆ ತಟ್ಟಿ. ಎಳ್ಳಿನ ಸಿಪ್ಪೆಯಂಥ ತೆಳ್ಳನೆಯ ಹಳದಿ ಅಥವಾ ಕಂದು ಹುಳುಗಳು ಓಡಾಡಿದರೆ ಅವೇ. ಮುಚ್ಚಿದ ಎಸಳುಗಳ ನಡುವೆ ಕೂತು ಹೆರೆದು ರಸ ಹೀರುವುದರಿಂದ ಮೇಲಿನ ಸಿಂಪಡಣೆ ಅವಕ್ಕೆ ತಾಗುವುದೇ ಇಲ್ಲ. ಕಂದಿದ ಮೊಗ್ಗುಗಳನ್ನೆಲ್ಲ ಕಿತ್ತು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಡಿ. ಹೊಸ ಮೊಗ್ಗು ಕಡಲೆಕಾಳಿನ ಗಾತ್ರಕ್ಕೆ ಬಂದಾಗಲೇ ಲೀಟರಿಗೆ 3 ಮಿಲಿ ಬೇವಿನೆಣ್ಣೆ, 1 ಮಿಲಿ ಸೋಪಿನ ದ್ರಾವಣ ಸೇರಿಸಿ ಸಂಜೆ ಸಿಂಪಡಿಸಿ, ವಾರಕ್ಕೊಮ್ಮೆಯಂತೆ ಮೂರು ಸಲ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ನೆರಳುಬಲೆ ಕಟ್ಟಿ.

ಪ್ರಶ್ನೆ: ಎಳೆಯ ಎಲೆ ಹಳದಿ, ನರ ಮಾತ್ರ ಹಸಿರು. ಯೂರಿಯಾ ಕೊಟ್ಟರೂ ಸರಿಹೋಗಲಿಲ್ಲ. (ವಿಜಯಪುರ)

ಉತ್ತರ: ಇದು ಕಬ್ಬಿಣದ ಕೊರತೆ. ಸಾರಜನಕ ಕಡಿಮೆಯಾದರೆ ಮೊದಲು ಹಳೆಯ ಎಲೆ ಹಳದಿಯಾಗುತ್ತದೆ. ಸುಣ್ಣದಂಶ ಹೆಚ್ಚಿರುವ ಎರೆಮಣ್ಣು, ಗಡಸು ಬೋರ್‌ವೆಲ್ ನೀರು ಸೇರಿದಲ್ಲಿ ಮಣ್ಣಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಲೀಟರ್ ನೀರಿಗೆ 2 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, ಆಗಲೇ ತಯಾರಿಸಿದ್ದನ್ನು ಸಂಜೆ ಎಲೆಗೆ ಸಿಂಪಡಿಸಿ. ಹತ್ತು ದಿನ ಬಿಟ್ಟು ಮತ್ತೊಮ್ಮೆ. ಇದು ತಾತ್ಕಾಲಿಕ. ಕುಂಡವಾದರೆ ಮಣ್ಣು ಬದಲಿಸಿ, ಸಾಧ್ಯವಾದಾಗಲೆಲ್ಲ ಮಳೆನೀರು ಕೊಡಿ. ಯೂರಿಯಾ ನಿಲ್ಲಿಸಿ.

ಪ್ರಶ್ನೆ: ಗುಲ್ಕಂದ ಮಾಡಲು ಮಾರುಕಟ್ಟೆಯ ಗುಲಾಬಿ ಆಗುತ್ತದೆಯೇ? (ಮೈಸೂರು)

ಉತ್ತರ: ಬೇಡವೇ ಬೇಡ. ಅದಕ್ಕೆ ಏನೇನು ಸಿಂಪಡಿಸಿದ್ದಾರೋ ಗೊತ್ತಾಗುವುದಿಲ್ಲ. ಔಷಧ ಸೋಕದ ಮನೆಯ ಪನ್ನೀರನ್ನು ಇಬ್ಬನಿ ಆರಿದ ಕೂಡಲೇ, ಬಿಸಿಲೇರುವ ಮೊದಲು ಕೊಯ್ಯಿರಿ. ಎಸಳಿನ ಬುಡದ ಬಿಳಿ ಭಾಗ ಕಹಿ, ಅದನ್ನು ಕತ್ತರಿಸಿ. ತೊಳೆದು ಬಟ್ಟೆಯ ಮೇಲೆ ಪೂರ್ತಿ ಆರಿಸಿ. ಎಸಳಿನ ತೂಕದಷ್ಟೇ ಸಕ್ಕರೆ ಕನಿಷ್ಠ, ಹೆಚ್ಚು ಕಾಲ ಇಡುವುದಾದರೆ ಅದರ ಒಂದೂವರೆ ಪಟ್ಟು. ಗಾಜಿನ ಭರಣಿಯಲ್ಲಿ ಪದರ ಪದರವಾಗಿ ತುಂಬಿ ಮೂರು ನಾಲ್ಕು ವಾರ ಬಿಸಿಲಿಗಿಡಿ, ದಿನಕ್ಕೊಮ್ಮೆ ಒಣ ಚಮಚದಿಂದ ಕದಡಿ. ನೀರಿನ ಪಸೆ ಸೇರಿದರೆ ಬೂಷ್ಟು ಹಿಡಿಯುತ್ತದೆ.